ಕಿರಿಯನ ಎಚ್ಚರಿಕೆ
1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜು ಮುಸುಕಿದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜೀವಗಳು ಆಹುತಿಯಾದುವು. ಎದುರಿನ ವಿಮಾನವು ದಾರಿ ಬಿಟ್ಟಿದೆಯೇ ಎಂದು, ಮೇಲೇರಲು ಓಡುತ್ತಿದ್ದ ವಿಮಾನದ ಇಂಜಿನಿಯರನು ಎತ್ತಿದ ಸಂದೇಹವನ್ನು ಅನುಭವವೃದ್ಧನಾದ ಕ್ಯಾಪ್ಟನ್ ಬದಿಗೊತ್ತಿ ಮುಂದುವರಿದಿದ್ದನು. ತರುವಾಯ ವಿಮಾನಯಾನ ಪ್ರಪಂಚವು, ಯಂತ್ರಪರೀಕ್ಷೆಯಷ್ಟೇ ಶ್ರದ್ಧೆಯಿಂದ, ಕಿರಿಯನು ನಿರ್ಭಯವಾಗಿ ಎಚ್ಚರಿಸುವುದನ್ನೂ ಹಿರಿಯನು ಅದಕ್ಕೆ ಕಿವಿಗೊಡುವುದನ್ನೂ ಶಿಕ್ಷಣದ ಅಂಗವಾಗಿಸಿತು. ಆದರೂ 2010ರ ಮೇ 22ರಂದು ನಮ್ಮ ಮಂಗಳೂರಿನಲ್ಲಿ, ಗುಡ್ಡದ ನೆತ್ತಿಯ ರನ್‌ವೇಗೆ ಮಿತಿಮೀರಿದ ಎತ್ತರದಿಂದ ಇಳಿಯುತ್ತಿದ್ದ ವಿಮಾನವನ್ನು ಮತ್ತೆ ಮೇಲೇರಿಸಬೇಕೆಂದು ಸಹಚಾಲಕನು ಮೂರು ಬಾರಿ ಸೂಚಿಸಿದರೂ ಅದು ಮನ್ನಣೆ ಪಡೆಯದೆ, 158 ಮಂದಿ ಮಡಿದರು. ಅಧಿಕಾರವು ವಿನಯವನ್ನು ಕಲಿತು, ಇಳಿಯದೆ ಮರಳಿ ಮೇಲೇರುವುದನ್ನು ಪರಾಭವವೆಂದೆಣಿಸದೆ ವಿವೇಕವೆಂದು ಗೌರವಿಸುವ ಸಂಸ್ಥೆಯಲ್ಲಿ ಮಾತ್ರವೇ ಸುರಕ್ಷತೆಯು ನೆಲೆಗೊಳ್ಳಬಲ್ಲುದು.