ಜೇಡ್ ಕನ್ನಡದಲ್ಲೇ ಹಟ ಮಾಡ್ತಿದ್ಲು

ಹಾಸ್ಟೆಲ್ ರೂಮಲ್ಲಿ 'ಜಾಕಿ ಚಾನ್ ಅಡ್ವೆಂಚರ್ಸ್' ಹಾಕಿದ್ರೆ ಪಕ್ಕದ ರೂಮಿನವರು ನಗ್ತಾರೆ. ಇಂಟರ್ನಲ್ಸ್ ಇಟ್ಕೊಂಡು ಮಕ್ಕಳ ಕಾರ್ಟೂನ್ ಏನ್ರೋ ಅಂತ. ನಗಲಿ. ಐದು ನಿಮಿಷ ಆದ್ಮೇಲೆ ಅವರೂ ಬಂದು ಮಂಚದ ಮೇಲೆ ಕೂರ್ತಾರೆ.

2000ದಿಂದ 2005ರವರೆಗೆ ಅಮೆರಿಕದಲ್ಲಿ ಬಂದ ಈ ಸರಣಿಯಲ್ಲಿ 95 ಕಂತುಗಳಿವೆ. ಶೆಂಡು ಅನ್ನೋ ಡ್ರ್ಯಾಗನ್‌ನ ಶಕ್ತಿ 12 ತಾಯತಗಳಲ್ಲಿ ಹಂಚಿಹೋಗಿದೆ. ಎತ್ತಿನ ತಾಯತಕ್ಕೆ ಬಲ, ಮೊಲದ್ದಕ್ಕೆ ವೇಗ, ಹಾವಿನದ್ದು ಹಿಡಿದ್ರೆ ಮನುಷ್ಯನೇ ಕಾಣಲ್ಲ. ಮಾಯೆ ಅಂದ್ರೂ ಅದಕ್ಕೊಂದು ಲೆಕ್ಕ ಇದೆ: ಕುರಿಯ ತಾಯತದಿಂದ ಆತ್ಮ ಹೊರಗೆ ತಿರುಗಾಡಬಹುದು, ಆದ್ರೆ ದೇಹ ಇಲ್ಲೇ ಕಾವಲಿಲ್ಲದೆ ಬಿದ್ದಿರುತ್ತೆ. ಇನ್ನು ಟೋರು. ಮೊದಲು ಖಳನ ಕಡೆಯ ದೈತ್ಯ, ಆಮೇಲೆ ಅಂಕಲ್ ಹತ್ರ ಮಂತ್ರ ಕಲಿಯೋ ಶಿಷ್ಯ. ಅಷ್ಟು ದೊಡ್ಡ ಆಳು ಮುದುಕನ ಬೈಗುಳಕ್ಕೆ ತಲೆ ತಗ್ಗಿಸಿ ನಿಲ್ಲೋದನ್ನ ಚಿಕ್ಕವರಿದ್ದಾಗ ನೋಡಿ ನಕ್ಕಿದ್ವಿ. ಈಗ ನೋಡಿದ್ರೆ, ಬದಲಾಗ್ತೀನಿ ಅಂದವನಿಗೆ ಮನೆಯೊಳಗೆ ಜಾಗ ಕೊಟ್ಟ ಕಥೆ ಅದು ಅನ್ಸುತ್ತೆ.

ನಮ್ಮ ನಿಜವಾದ ಮಾತು ಭಾಷೆ ಬಗ್ಗೆ. ಉಬ್ರಾಣಿ ಕಡೆಯಿಂದ ಬಂದ ನಾವು ಮೂವರೂ ಇಂಗ್ಲಿಷ್ ಮೀಡಿಯಂ. ಶಾಲೆಯಲ್ಲಿ ಕನ್ನಡ ಅಂದ್ರೆ ಒಂದು ಪೀರಿಯಡ್, ಸಂಧಿ, ಸಮಾಸ, ಮಾರ್ಕ್ಸ್. ಜಗಳ, ಮಂತ್ರ, ಡ್ರ್ಯಾಗನ್, ತಮಾಷೆ ಎಲ್ಲ ಕನ್ನಡದಲ್ಲಿ ಸಿಕ್ಕಿದ್ದು 2009ರಲ್ಲಿ ಶುರುವಾದ ಚಿಂಟು ಟಿವಿಯಲ್ಲಿ. ಸಿನಿಮಾಗೆ ಡಬ್ಬಿಂಗ್ ಬೇಡ ಅಂತ ದೊಡ್ಡವರು ಗಲಾಟೆ ಮಾಡ್ತಿದ್ದ ಕಾಲದಲ್ಲೇ (ಸ್ಪರ್ಧಾ ಆಯೋಗದ ತೀರ್ಪು ಬಂದಿದ್ದು 2015ರಲ್ಲಿ) ಜೇಡ್ ಕನ್ನಡದಲ್ಲಿ ಹಟ ಮಾಡ್ತಿದ್ಲು, ಡೋರಾ ಕನ್ನಡದಲ್ಲಿ ದಾರಿ ಕೇಳ್ತಿದ್ಲು. ಕನ್ನಡಕ್ಕೆ ಏನೂ ಆಗ್ಲಿಲ್ಲ. ಅಜ್ಜಿಯರೂ ನಮ್ಮ ಜೊತೆ ಕೂತು ನೋಡ್ತಿದ್ರು, ಅಂಕಲ್ ಬೈದ್ರೆ ಅಂಕಲ್ ಪರ!

ಈಗ ಅಡಿಕೆ ಸುಲಿಯೋ ಕಾಲದಲ್ಲಿ ಊರಿಗೆ ಹೋದ್ರೆ, ದೊಡ್ಡವರೆಲ್ಲ ಕೆಲಸದಲ್ಲಿ, ಮಕ್ಕಳ ಕೈಯಲ್ಲಿ ಮೊಬೈಲು, ಅದರಲ್ಲಿ ಹಿಂದಿ ಕಾರ್ಟೂನು. ತೋಟದಲ್ಲಿ ಆಡೋವಾಗ "ಬಚಾವೋ" ಅಂತ ಓಡ್ತಾರೆ. ಹಿಂದಿ ಬಂದ್ರೆ ಬರಲಿ, ನಮಗೆ ಬೇಜಾರಿಲ್ಲ. ಅಜ್ಜಿ ಕಥೆಯಿಂದ ಹೊರಗೆ ಉಳಿದ್ರಲ್ಲ, ಅದು ಬೇಜಾರು. ಮಗು ನಗುತ್ತೆ, ಯಾಕೆ ಅಂತ ಅವರಿಗೆ ಗೊತ್ತಾಗಲ್ಲ.

2025ರಲ್ಲಿ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂತು, ಖುಷಿ. ಆದ್ರೆ ಸಿನಿಮಾ ಒಂದು ದಿನದ್ದು. ದಿನಾ ಸಂಜೆ ಬರೋ ಸರಣಿ ಬೇರೆ, ಅದರ ಮಾತು ನಾಲಿಗೆಗೆ ಹತ್ತುತ್ತೆ. (ನಮ್ಮದೇ ಪುಣ್ಯಕೋಟಿ ಕಥೆಯ ಅನಿಮೇಷನ್ ಸಿನಿಮಾ 2020ರಲ್ಲಿ ಬಂದಿದ್ದು ಸಂಸ್ಕೃತದಲ್ಲಿ!) ಹಾಗಂತ "ಎಲೈ ದುಷ್ಟನೇ, ನಿಲ್ಲು" ಅನ್ನೋ ಥರ ಡಬ್ ಮಾಡಿದ್ರೆ ಯಾವ ಮಗುವೂ ಎರಡನೇ ಕಂತು ನೋಡಲ್ಲ. ಮನೇಲಿ ಬೈಯೋ ಹಾಗೇ ಅಂಕಲ್ ಬೈಬೇಕು.

ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಅದೇ ರಸಪ್ರಶ್ನೆ ಬೇಡ. ಸೆಮಿನಾರ್ ಹಾಲಲ್ಲಿ ಒಂದು ಕಂತು ಮ್ಯೂಟ್ ಮಾಡಿ ಹಾಕೋಣ, ಮೈಕ್ ಹಿಡಿದು ನಾವೇ ಡಬ್ ಮಾಡೋಣ, ಅವರವರ ಊರಿನ ಕನ್ನಡದಲ್ಲಿ. ಟೋರುಗೆ ದನಿ ಕೊಡೋಕೆ ಧಾರವಾಡ ಕಡೆಯವರು ಯಾರಾದ್ರೂ ಬೇಕು. ಶೆಂಡುಗೆ ಮಂಗಳೂರಿನವರು ಸಿಕ್ಕರೆ ಇನ್ನೂ ಮಜಾ. ಅಂಕಲ್ ಪಾತ್ರ ಮಾತ್ರ ನಾವು ಬಿಟ್ಟುಕೊಡಲ್ಲ.