ಐದನೇ ತರಗತಿಯ ಆ ಎರಡು ತಿಂಗಳು

ಸೊಲ್ಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಕನ್ನಡ ಕುಟುಂಬದ ಮಗು ಮರಾಠಿ ಶಾಲೆಗೆ ಸೇರಿದರೆ, ಮನೆಯ ಮಾತು ಒಂದು, ಪಾಠದ ಮಾತು ಇನ್ನೊಂದು. ಇಂಥ ಮಗು ಓದಿನಲ್ಲಿ ತಡವರಿಸಿದರೆ ಅದನ್ನು ದಡ್ಡತನ ಎನ್ನುವುದು ಅನ್ಯಾಯ.

2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಯಾರನ್ನೂ ನಪಾಸು ಮಾಡುವಂತಿಲ್ಲ ಎಂದಿತ್ತು. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗಳಲ್ಲಿ ನಪಾಸು ಮಾಡುವ ಬಾಗಿಲು ತೆರೆಯಿತು; 2023ರಲ್ಲಿ ಮಹಾರಾಷ್ಟ್ರವೂ ಅದೇ ದಾರಿ ಹಿಡಿಯಿತು. ಆದರೆ ಒಂದು ಷರತ್ತಿದೆ: ಪರೀಕ್ಷೆಯಲ್ಲಿ ಸೋತ ಮಗುವಿಗೆ ಹೆಚ್ಚುವರಿ ಪಾಠ ಹೇಳಿ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಬೇಕು.

ಪಾಲಕರು ಪಟ್ಟು ಹಿಡಿದು ಕೇಳಬೇಕಾದದ್ದು ಆ ಪಾಠವನ್ನೇ. ಮಗುವಿಗೆ ಎಡವಟ್ಟಾಗಿರುವುದು ಲೆಕ್ಕದಲ್ಲೋ, ಲೆಕ್ಕ ಬರೆದಿರುವ ಮರಾಠಿಯಲ್ಲೋ? ಕಣ್ಣು, ಕಿವಿ ಸರಿಯಿವೆಯೇ? ಕೆಲಸ ಹುಡುಕಿ ಊರು ಬಿಟ್ಟಾಗ ಎಷ್ಟು ದಿನ ಶಾಲೆ ತಪ್ಪಿತು? ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಆ ಶಿಕ್ಷಕರ ನೆರವು ಪಡೆದರೆ ಮೊದಲ ಪ್ರಶ್ನೆಗಾದರೂ ಉತ್ತರ ಬೇಗ ಸಿಕ್ಕೀತು.

ಸಾವಿರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪುಸ್ತಕ ಬರೆದ ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ, ನಪಾಸಾದ ಮಗುವನ್ನು ಅದೇ ತರಗತಿಯಲ್ಲಿ ಕೂರಿಸುವುದರಿಂದ ಕಲಿಕೆಗೆ ಹಾನಿಯೇ ಹೆಚ್ಚು ಎಂದು ತೋರಿಸಿದರು. ಹಾಗೆಂದು ಓದಲು ಬಾರದ ಮಗುವನ್ನು ಸುಮ್ಮನೆ ಮುಂದೆ ತಳ್ಳುವುದೂ ಕ್ರೌರ್ಯವೇ. ಎರಡು ತಿಂಗಳ ಪಾಠ ನಿಜವಾಗಿ ನಡೆದಿದೆಯೇ ಎಂಬುದಕ್ಕೆ ಶಾಲೆ ಲಿಖಿತ ದಾಖಲೆ ತೋರಿಸಲಿ. ಅದಿಲ್ಲದೆ ಯಾವ ಮಗುವನ್ನೂ ಹಿಂದೆ ಉಳಿಸಕೂಡದು.