ಸಾಸ್ವೆಹಳ್ಳಿಯ ಮಗು ಎಲ್ಲಿಗೆ ಹೋಗಬೇಕು?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮೇಷ್ಟ್ರುಗಳಾಗಿದ್ದ ನಮ್ಮಂಥವರು ಬೆತ್ತದ ಸಮರ್ಥನೆಗೆ ಬಳಸಿಕೊಂಡದ್ದೇ ಹೆಚ್ಚು. ಕರೆದರೆ ತಿರುಗದ ಹುಡುಗನನ್ನು ಮೊಂಡನೆಂದು ಬೆಂಚಿನ ಮೇಲೆ ನಿಲ್ಲಿಸಿದ್ದೇವೆ. ಅವನಿಗೆ ಕಿವಿ ಕೇಳಿಸುತ್ತಿದೆಯೇ ಎಂದು ನೋಡಲಿಲ್ಲ. ಆ ತಪ್ಪನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇವೆ.

ಮೆದುಳು ಹುಟ್ಟುವಾಗಲೇ ಎರಕ ಹೊಯ್ದು ಮುಗಿಸಿದ ವಸ್ತುವಲ್ಲ. ಮಗು ಕೇಳಿದ ಮಾತು, ಕಂಡ ಮುಖ, ಆಡಿದ ಆಟ ಇವುಗಳಿಂದ ಅದರೊಳಗಿನ ನರಗಳ ಜೋಡಣೆ ಬಲಗೊಳ್ಳುತ್ತದೆ, ಬಳಕೆಯಾಗದ್ದು ಸಡಿಲುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳೆತನದಲ್ಲಿ ಮುಚ್ಚಿಟ್ಟರು. ತೆರೆದಾಗ ಕಣ್ಣು ನೆಟ್ಟಗಿತ್ತು, ಮೆದುಳು ಮಾತ್ರ ಆ ಕಣ್ಣಿನಿಂದ ನೋಡುವುದನ್ನು ಕಲಿತಿರಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಈ ನಷ್ಟ ಕಾಣಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಾಟಿಯ ಕಾಲಕ್ಕೆ ಬಾರದ ನಾಲೆಯ ನೀರು ತಡವಾಗಿ ಬಂದರೆ ಏನಾಗುತ್ತದೆಂದು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ, ಇದೂ ಹಾಗೆಯೇ. ಆದರೆ ಗಾದೆ ಪೂರ್ತಿ ನಿಜವೂ ಅಲ್ಲ. ಬಾಗುವ ಗುಣ ಮೆದುಳಿಗೆ ದೊಡ್ಡವರಾದ ಮೇಲೂ ಉಳಿದಿರುತ್ತದೆ, ಶ್ರಮ ಮಾತ್ರ ಹೆಚ್ಚು ಬೇಕು. ಹತ್ತು ವರ್ಷದ ಮಗುವಿನ ತಾಯಿ ಕೈಚೆಲ್ಲಿ ಕೂರಬೇಕಾಗಿಲ್ಲ.

"ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎನ್ನುವ ಅಜ್ಜಿಯದಾಗಲಿ, ನಾಲಿಗೆಗೆ ಬಜೆ ತಿಕ್ಕುವ ನೆರೆಯವರದಾಗಲಿ ಕೆಟ್ಟ ಮನಸ್ಸಲ್ಲ. ಆದರೂ ವರ್ಷ ತುಂಬಿ ಹೆಸರು ಕರೆದರೆ ತಿರುಗದ, ಎರಡು ತುಂಬಿ ಎರಡು ಪದ ಕೂಡಿಸಿ ಆಡದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಆಟಿಸಂ ತಾಯಿಯ ತಪ್ಪಿನಿಂದ ಬರುವುದಲ್ಲ, ಗುಳಿಗೆಯಿಂದ ಹೋಗುವುದೂ ಅಲ್ಲ. ಹೋಗಲಾಡಿಸುತ್ತೇವೆಂದು ಹಣ ಕೀಳುವವರನ್ನು ದೂರವಿಡಿ. ಬೇಕಾದದ್ದು ದಿನದಿನದ ಮಾತು, ಆಟ, ಅಭ್ಯಾಸ. ಅದನ್ನು ತಾಯ್ತಂದೆಗಳಿಗೆ ಕಲಿಸಿಕೊಡುವವರು ಬೇಕು.

ಅವರೆಲ್ಲಿದ್ದಾರೆ? ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಾಯಂದಿರಿಗೂ ತರಬೇತಿ ಕೊಡುತ್ತಾರೆ. ಒಳ್ಳೆಯ ಕೆಲಸ. ಆದರೆ ಮೈಸೂರಿನಲ್ಲಿ ಕೋಣೆ ಹಿಡಿದು ತಿಂಗಳುಗಟ್ಟಲೆ ಇರಬಲ್ಲ ಹಮಾಲಿ ಯಾರು? 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಸಲ ಪರೀಕ್ಷಿಸಿ, ತೊಂದರೆ ಕಂಡವರನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕು. ಎಂದರೆ ಸಾಸ್ವೆಹಳ್ಳಿಯಿಂದ ಹೊನ್ನಾಳಿ, ಅಲ್ಲಿಂದ ದಾವಣಗೆರೆ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಕಳೆದುಹೋದ ಕೂಲಿಯನ್ನು ಯಾರು ಕಟ್ಟಿಕೊಡುತ್ತಾರೆ? ಮಿಲ್ಲಿನವನಿಗೆ ಪಾಳಿ ತಪ್ಪುತ್ತದೆ, ಕಿರಾಣಿಯವನು ಅಂಗಡಿಯ ಬಾಗಿಲು ಹಾಕಬೇಕು. ಅದೂ ಒಂದು ಸಲವಲ್ಲ, ವಾರವಾರ. ಮೂರನೆಯ ವಾರ ಬರದಿದ್ದರೆ ತಾಯ್ತಂದೆಗಳಿಗೆ ಅಸಡ್ಡೆ ಎಂದು ಬರೆದಿಡುವುದು ಸುಲಭ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಆದಾಯದ ಮಿತಿಗೊಳಪಟ್ಟು, ಉಚಿತ ಆರೋಗ್ಯ ಸೇವೆ ಮನೆಯ ಸಮೀಪದಲ್ಲಿ, ಅದರಲ್ಲೂ ಹಳ್ಳಿಗಾಡಿನಲ್ಲಿ ದೊರೆಯುವಂತೆ ಮಾಡಬೇಕೆನ್ನುತ್ತದೆ. ಸಮೀಪ ಎಂದರೆ ಎಷ್ಟು ಮೈಲಿ ಎಂದು ಸರ್ಕಾರ ಹೇಳಲಿ. ಹೋಬಳಿಯ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಂದು ದಿನವಾದರೂ ವಾಕ್ ಚಿಕಿತ್ಸಕರು ಬರಬೇಕು. ಅಂಗನವಾಡಿ ಕಾರ್ಯಕರ್ತೆಗೆ ಈ ಕೆಲಸದ ತರಬೇತಿಯೂ ಅದಕ್ಕೆ ತಕ್ಕ ಸಂಬಳವೂ ಸಿಗಬೇಕು. ಮಗುವನ್ನು ಕರೆದೊಯ್ಯುವ ಕಾರ್ಮಿಕನಿಗೆ ಆ ದಿನದ ಕೂಲಿ ಕಡಿಯಬಾರದು ಎಂಬುದನ್ನು ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ.